ಎರಡು ದಿನದ ತರಬೇತಿ, ಇಳಿಯದ ರಿಜೆಕ್ಷನ್

ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಫೌಂಡ್ರಿ (ಎರಕದ ಕಾರ್ಖಾನೆ) ನಡೆಸುವ ಓದುಗರೊಬ್ಬರ ಪತ್ರ: "ತಿಂಗಳಿಗೆ 50 ಟನ್ ಬೀಡು ಎರಕ ಹೊಯ್ಯುತ್ತೇವೆ. ಹೊರಗಿನವರನ್ನು ಕರೆಸಿ 35 ಜನರಿಗೆ ಎರಡು ದಿನ ತರಬೇತಿ ಕೊಡಿಸಿದೆವು. ಆಮೇಲೆ ಯಾರೂ ಆ ಮಾತು ಎತ್ತಿಲ್ಲ. ರಿಜೆಕ್ಷನ್, ಅಂದರೆ ದೋಷವಿದ್ದು ತಿರಸ್ಕಾರವಾಗುವ ಮಾಲು, ಶೇ. 8ರಲ್ಲೇ ಇದೆ. ಕಲಿತ ಹುಡುಗರು ಬೇರೆ ಕಡೆ ಹೋಗುತ್ತಾರೆ. ಈ ಖರ್ಚು ದಂಡವಲ್ಲವೇ?"

ಉತ್ತರ: ದಂಡವಾಗಿದೆ, ನಿಜ. ಕಾರಣ ನಿಮ್ಮ ಪತ್ರದಲ್ಲೇ ಇದೆ: ಆಮೇಲೆ ಯಾರೂ ಆ ಮಾತು ಎತ್ತಿಲ್ಲ.

ಎಲ್ಲರಿಗೂ ಎಲ್ಲವನ್ನೂ ಕಲಿಸಲು ಹೋಗಬೇಡಿ. ಒಂದು ತಿಂಗಳ ರಿಜೆಕ್ಟ್ ಮಾಲನ್ನು ದೋಷವಾರು, ಪಾಳಿವಾರು ಎಣಿಸಿ. ಬ್ಲೋಹೋಲ್ (ಎರಕದಲ್ಲಿ ಉಳಿಯುವ ಗಾಳಿಗುಳ್ಳೆ) ಹೆಚ್ಚಿದ್ದರೆ ಅದೊಂದನ್ನೇ ಹಿಡಿಯಿರಿ. ಅಚ್ಚು ಕಟ್ಟುವ ಹಸಿ ಉಸುಕಿನ ತೇವ ಸಾಮಾನ್ಯವಾಗಿ ಶೇ. 3ರಿಂದ 4ರ ಆಸುಪಾಸು ಇರಬೇಕು. ಹೆಚ್ಚಾದರೆ ಕಾದ ಲೋಹ ತಗುಲಿ ಹಬೆ ಏಳುತ್ತದೆ, ಹೊರಗೆ ಹೋಗಲು ದಾರಿ ಸಾಲದೆ ಗುಳ್ಳೆಯಾಗಿ ಉಳಿಯುತ್ತದೆ. ಕಡಿಮೆಯಾದರೆ ಅಚ್ಚಿನ ಅಂಚು ಉದುರಿ ಉಸುಕು ಲೋಹಕ್ಕೆ ಸೇರುತ್ತದೆ. ಬೇಸಿಗೆಯ ಮಧ್ಯಾಹ್ನ ಇನ್ನೂ ಕಷ್ಟ. ಬಿಸಿ ಆರದ ಉಸುಕು ಮಿಕ್ಸರಿಗೆ ಬಂದರೆ ಹಾಕಿದ ನೀರು ಆವಿಯಾಗುತ್ತದೆ. ಒಣಗಿತೆಂದು ಕೆಲಸಗಾರ ಅಂದಾಜಿನ ಮೇಲೆ ಇನ್ನಷ್ಟು ಸುರಿಯುತ್ತಾನೆ. ಮುಷ್ಟಿಯಲ್ಲಿ ಹಿಂಡಿ ನೋಡುವುದು ಸಾಲದು. ಗಂಟೆಗೊಮ್ಮೆ ತೇವ, ಕಾಂಪ್ಯಾಕ್ಟಬಿಲಿಟಿ (ಒತ್ತಿದಾಗ ಉಸುಕು ಎಷ್ಟು ಕುಗ್ಗುತ್ತದೆಂಬುದು) ಅಳೆದು ಹಲಗೆಯ ಮೇಲೆ ಬರೆಯುವುದೇ ಮೊದಲ ಪಾಠವಾಗಲಿ.

ಕಲಿಸುವವರು ನಿಮ್ಮ ಸೂಪರ್‌ವೈಸರೇ ಆಗಬೇಕು, ಪಾಳಿ ಶುರುವಿಗೆ 15 ನಿಮಿಷ, ಕೆಲಸದ ಜಾಗದಲ್ಲೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ರೂಪಿಸಿದ ನಾಲ್ಕು ಹೆಜ್ಜೆಗಳು ಇಂದಿಗೂ ಸಾಕು: ಕೆಲಸದ ಬಗ್ಗೆ ಕಲಿಯುವವನಿಗೆಷ್ಟು ಗೊತ್ತೆಂದು ಕೇಳಿ ಸಿದ್ಧಗೊಳಿಸಿ, ಕಾರಣ ಹೇಳುತ್ತ ಮಾಡಿ ತೋರಿಸಿ, ಅವನ ಕೈಯಿಂದಲೇ ಮಾಡಿಸಿ ಯಾಕೆಂದು ಅವನ ಬಾಯಿಂದಲೇ ಕೇಳಿ, ಬಿಟ್ಟು ಆಗಾಗ ಬಂದು ನೋಡಿ. ಎಡವುವುದು ಮೂರನೆಯದರಲ್ಲಿ. "ತಿಳೀತೇನಪಾ?" ಎಂದರೆ "ಹೂನ್ರಿ, ತಿಳೀತು" ಎನ್ನುತ್ತಾರೆ, ಮುಗಿಯಿತು. ಆ ಉತ್ತರವನ್ನು ದಯವಿಟ್ಟು ಒಪ್ಪಬೇಡಿ.

ಖರ್ಚಿನ ಮಾತು. ನಿಮ್ಮ ಶೇ. 8 ಅಂದರೆ ತಿಂಗಳಿಗೆ 4 ಟನ್. ಇಂಡಕ್ಷನ್ ಕುಲುಮೆ ಟನ್ನಿಗೆ ಸುಮಾರು 600 ಯೂನಿಟ್ ಕರೆಂಟ್ ತಿನ್ನುತ್ತದೆ. ಮಾಲನ್ನು ಮತ್ತೆ ಕರಗಿಸಬಹುದು, ಆದರೆ ಹೋದ 2,400 ಯೂನಿಟ್ ಮರಳಿ ಬರುವುದಿಲ್ಲ. ಉಸುಕು, ಕೂಲಿ ಬೇರೆ.

ಹುಡುಗರು ಹೋಗುತ್ತಾರೆಂಬುದು ಸುಳ್ಳಲ್ಲ. ಯಾರಿಗೆ ಯಾವ ಕೆಲಸ ಬರುತ್ತದೆಂದು ಪಟ್ಟಿ ಮಾಡಿ ಗೋಡೆಗೆ ಹಚ್ಚಿ. ಪ್ರತಿ ಮುಖ್ಯ ಕೆಲಸಕ್ಕೆ ಕನಿಷ್ಠ ಮೂವರು ತಯಾರಿರಲಿ. ಎರಡು ಕೆಲಸ ಕಲಿತವನಿಗೆ ಪಗಾರ ಏರಲಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ನಿಮಗೂ ಅನ್ವಯ. ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲುಭಾಗವನ್ನು ಒಂದು ಮಿತಿಯವರೆಗೆ ಕೇಂದ್ರ ಸರ್ಕಾರ ಭರಿಸುತ್ತದೆ.

ಮೂರು ತಿಂಗಳ ನಂತರ ಬ್ಲೋಹೋಲ್ ಎಣಿಕೆಯನ್ನು ತೇವದ ಹಲಗೆಯ ಪಕ್ಕದಲ್ಲಿಟ್ಟು ನೋಡಿ. ತೇವ ಸರಿಯಿದ್ದೂ ಗುಳ್ಳೆ ಬರುತ್ತಿದ್ದರೆ ಕೋರ್ (ಎರಕದೊಳಗೆ ಪೊಳ್ಳು ಬಿಡಲು ಅಚ್ಚಿನಲ್ಲಿಡುವ ಉಸುಕಿನ ತುಂಡು) ಪೂರ್ತಿ ಒಣಗಿದೆಯೇ, ಗಾಳಿ ಹೋಗುವ ಕಿಂಡಿ ಸಾಕೇ ಎಂದು ಹುಡುಕಿ. ಆ ತಪ್ಪನ್ನು ಕೆಲಸಗಾರನ ತಲೆಗೆ ಕಟ್ಟಬೇಡಿ.