ನಿಮ್ಮ ಆರ್ಯಭಟನ ಲೇಖನದ ಬಗ್ಗೆ

ನಮಸ್ಕಾರ. ಆರ್ಯಭಟನ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಇನ್ನೊಂದು ಸಲ ಬರೆಯಿರಿ.

ಮೊದಲ ಎರಡು ಪುಟ ಬರೀ ಹೊಗಳಿಕೆ. 'ಮಹಾಮೇಧಾವಿ', 'ಜಗದ್ಗುರು' ಅಂತ ಹೇಳುತ್ತಲೇ ಹೋಗಿದ್ದೀರಿ, ಅವನು ಮಾಡಿದ್ದೇನು ಅನ್ನೋದು ಮೂರನೇ ಪುಟಕ್ಕೆ ಬರುತ್ತದೆ. ಓದುಗರು ಅಷ್ಟು ಹೊತ್ತು ಕಾಯುವುದಿಲ್ಲ.

ಎರಡು ತಪ್ಪುಗಳನ್ನಂತೂ ತೆಗೆಯಲೇಬೇಕು. ಅವನು ಸೊನ್ನೆಯ ಚಿಹ್ನೆ ಕಂಡುಹಿಡಿದ ಎಂದಿದ್ದೀರಿ. ಅವನು ಸಂಖ್ಯೆಗಳಿಗೆ ಅಕ್ಷರಗಳನ್ನು ಬಳಸಿದ, 'ಖ್ಯುಘೃ' ಅಂದರೆ 43,20,000. ಆ ಪದ್ಧತಿಯಲ್ಲಿ ಸೊನ್ನೆಗೆ ಚಿಹ್ನೆಯೇ ಇಲ್ಲ. ಭೂಮಿ ಸೂರ್ಯನನ್ನು ಸುತ್ತುತ್ತದೆ ಅಂತಲೂ ಅವನು ಹೇಳಲಿಲ್ಲ, ತನ್ನ ಸುತ್ತ ತಾನೇ ತಿರುಗುತ್ತದೆ ಅಂದ. ಅದೇ ದೊಡ್ಡ ಮಾತು ಅಲ್ವಾ? ನೂರು ವರ್ಷಕ್ಕೂ ಜಾಸ್ತಿ ಕಾಲದ ಮೇಲೆ ಬಂದ ಗಣಿತಜ್ಞ ಬ್ರಹ್ಮಗುಪ್ತನೇ ಅದನ್ನು ಒಪ್ಪಲಿಲ್ಲ.

ಲೇಖನವನ್ನು ಅಲ್ಲಿಂದಲೇ ಶುರು ಮಾಡಿ ನೋಡಿ. ಮುಂದೆ ಹೋಗುವ ದೋಣಿಯಲ್ಲಿ ಕೂತವನಿಗೆ ದಡದ ಮೇಲೆ ನಿಂತ ವಸ್ತುಗಳು ಹಿಂದಕ್ಕೆ ಓಡಿದಂತೆ ಕಾಣುತ್ತವೆ, ಹಾಗೆಯೇ ನಿಂತಲ್ಲೇ ಇರುವ ನಕ್ಷತ್ರಗಳು ನಮಗೆ ಪಶ್ಚಿಮಕ್ಕೆ ಹೋದಂತೆ ಕಾಣುತ್ತವೆ ಎಂದು ಆರ್ಯಭಟ ತನ್ನ 'ಆರ್ಯಭಟೀಯ' ಗ್ರಂಥದ ಗೋಲಪಾದ ಎಂಬ ಭಾಗದಲ್ಲಿ ಬರೆದಿದ್ದಾನೆ. ಇಷ್ಟು ಚೆಂದದ ಚಿತ್ರ ಅವನೇ ಕೊಟ್ಟಿರುವಾಗ ನಿಮ್ಮ ವಿಶೇಷಣಗಳು ಯಾಕೆ ಬೇಕು?

ಪೈ ಬೆಲೆ 3.1416 ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದನ್ನು ಬಿಡಿಸಿ ಬರೆಯಿರಿ. ಅವನ ಶ್ಲೋಕ ಹೇಳುವುದು ಹೀಗೆ: ನೂರಕ್ಕೆ 4 ಕೂಡಿಸು, 8ರಿಂದ ಗುಣಿಸು, 62,000 ಸೇರಿಸು, 20,000 ವ್ಯಾಸದ ವೃತ್ತದ ಸುತ್ತಳತೆ ಸಿಗುತ್ತದೆ, 62,832. ಅದನ್ನು 20,000ರಿಂದ ಭಾಗಿಸಿದರೆ 3.1416. ಶಾಲೆಯ ಮಕ್ಕಳೂ ಪೆನ್ಸಿಲ್ ಹಿಡಿದು ಮಾಡಿ ನೋಡಬಹುದು. ಆ ಶ್ಲೋಕದಲ್ಲಿ 'ಆಸನ್ನ' ಎಂಬ ಪದ ಇದೆ, ಅಂದರೆ ಇದು ಹತ್ತಿರದ ಬೆಲೆ, ಪೂರ್ತಿ ನಿಖರ ಅಲ್ಲ. ನನಗೆ ಇಡೀ ಗ್ರಂಥದಲ್ಲಿ ತುಂಬಾ ಇಷ್ಟವಾದ ಪದ ಅದು. ನೀವು ಅದನ್ನೇ ಬಿಟ್ಟಿದ್ದೀರಿ.

ಬದುಕಿನ ಬಗ್ಗೆ ಗೊತ್ತಿರುವುದು ಕಡಿಮೆ, ಊಹೆಯಿಂದ ತುಂಬಿಸಬೇಡಿ. ಅರವತ್ತು ವರ್ಷಗಳು ಅರವತ್ತು ಸಲ ಕಳೆದಾಗ ನನಗೆ 23 ತುಂಬಿತ್ತು ಎಂದು ಅವನೇ ಹೇಳಿದ್ದಾನೆ. ಅಂದರೆ ಕಲಿಯುಗದ 3,600 ವರ್ಷ; ಆ ಲೆಕ್ಕದಿಂದಲೇ ಕ್ರಿ.ಶ. 499 ಮತ್ತು ಹುಟ್ಟಿದ ವರ್ಷ 476 ಸಿಗುವುದು. ಇದನ್ನು ಓದುಗರಿಗೆ ತೋರಿಸಿ. ಅವನ ಹೆಸರಿಟ್ಟ 1975ರ ಉಪಗ್ರಹಕ್ಕೆ ಎರಡು ಪ್ಯಾರಾ ಜಾಸ್ತಿಯಾಯಿತು, ಬೆಂಗಳೂರಿನ ಪೀಣ್ಯದಲ್ಲಿ ತಯಾರಾಯಿತು ಅನ್ನೋ ಒಂದು ಸಾಲು ಸಾಕು.

ತಿದ್ದಿ ಕಳಿಸಿ. ದೋಣಿಯ ಶ್ಲೋಕವನ್ನು ಮೂಲದಲ್ಲೇ ಕೊಟ್ಟು, ಅರ್ಥವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.