ಸಂಬಳವಿಲ್ಲ, ಮೇಲಧಿಕಾರಿಯಿಲ್ಲ: ಡೆಬಿಯನ್ ತಂಡ ಹೇಗೆ ಕೆಲಸ ಮಾಡುತ್ತದೆ?

ಡೆಬಿಯನ್‌ನಲ್ಲಿ ಯಾರು ಕೆಲಸ ಮಾಡುತ್ತಾರೋ ಅವರೇ ಆ ಕೆಲಸದ ತೀರ್ಮಾನವನ್ನೂ ಮಾಡುತ್ತಾರೆ. ಅದು ನಡೆಯುತ್ತಿರುವುದು ಹೀಗೆ.

ಕಂಪ್ಯೂಟರನ್ನು ನಡೆಸುವ ಈ ಮುಕ್ತ ತಂತ್ರಾಂಶವನ್ನು 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದರು. ಇದು ಸಾವಿರಾರು ಪ್ಯಾಕೇಜುಗಳ, ಅಂದರೆ ಬಿಡಿ ತಂತ್ರಾಂಶಗಳ, ಜೋಡಣೆ. ಒಂದೊಂದು ಪ್ಯಾಕೇಜಿನ ಹೊಣೆಯನ್ನೂ ಒಬ್ಬರು ಅಥವಾ ಒಂದು ಸಣ್ಣ ತಂಡ ಹೊತ್ತಿರುತ್ತದೆ. ಅದರಲ್ಲಿ ದೋಷ ಕಂಡರೆ ಅವರು ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಇದರ ಬೇರು ತಂಡದ ಸಂವಿಧಾನದಲ್ಲಿದೆ. ಯಾರನ್ನೂ ಕೆಲಸಕ್ಕೆ ಒತ್ತಾಯಿಸುವಂತಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಜೊತೆಗೆ, ನಿಯಮದಂತೆ ಆದ ತೀರ್ಮಾನಕ್ಕೆ ಅಡ್ಡಗಾಲು ಹಾಕುವಂತೆಯೂ ಇಲ್ಲ. ನನಗೆ ಈ ಎರಡನೆಯ ಮಾತೇ ಹೆಚ್ಚು ಮುಖ್ಯವೆನಿಸುತ್ತದೆ. ಒಪ್ಪಿಗೆಯಿಲ್ಲದವರು ಕೈಕಟ್ಟಿ ಕೂರಬಹುದು, ಆದರೆ ಮಾಡುವವರ ಕೈ ತಡೆಯುವಂತಿಲ್ಲ. ಬಹಳಷ್ಟು ಸಂಘಗಳು ಒಡೆಯುವುದು ಇಲ್ಲಿಯೇ.

ತಾಂತ್ರಿಕ ಜಗಳ ಬಗೆಹರಿಯದಿದ್ದರೆ ಅದಕ್ಕೆಂದೇ ಒಂದು ಸಮಿತಿಯಿದೆ. ಅದಕ್ಕೂ ಮೇಲೆ ಸದಸ್ಯರ ಮತದಾನ. ಅಲ್ಲಿ ಆಯ್ಕೆಗಳಲ್ಲಿ ಒಂದನ್ನಷ್ಟೇ ಆರಿಸದೆ, ಎಲ್ಲವನ್ನೂ ತಮ್ಮ ಇಷ್ಟದ ಕ್ರಮದಲ್ಲಿ ಜೋಡಿಸಬಹುದು. ನಾಯಕರನ್ನೂ ಪ್ರತಿ ವರ್ಷ ಹೀಗೆಯೇ ಆರಿಸುತ್ತಾರೆ. ಆದರೆ ಅವರು ಹಣ, ಪ್ರಾತಿನಿಧ್ಯ, ಸಮನ್ವಯ ನೋಡಿಕೊಳ್ಳುತ್ತಾರೆಯೇ ಹೊರತು ಯಾರಿಗೂ ಕೆಲಸ ಹಂಚಿ ಆಜ್ಞೆ ಮಾಡುವುದಿಲ್ಲ.

ಬಿಡುವು ಸಿಗದ ಕಾರಣ ಹೊಣೆ ಹೊರಲಾಗದವರು ತಮ್ಮ ಪ್ಯಾಕೇಜನ್ನು ‘ಅನಾಥ’ ಎಂದು ಘೋಷಿಸುತ್ತಾರೆ. ಇದರಲ್ಲಿ ನಾಚಿಕೆಯೇನೂ ಇಲ್ಲ. ಬೇಕಾದವರು ಅದನ್ನು ದತ್ತು ತೆಗೆದುಕೊಳ್ಳುತ್ತಾರೆ.