ಪ್ರ: ಪನೆಟೋನೆ (ಇಟಲಿಯ ಕ್ರಿಸ್ಮಸ್ ಸಿಹಿ ಬ್ರೆಡ್) ಓವನ್‌ನಿಂದ ತೆಗೆದ ಮೇಲೆ ಕುಸಿಯುವುದೇಕೆ?

ಓವನ್‌ನಲ್ಲಿ ಚೆನ್ನಾಗಿ ಉಬ್ಬಿದ್ದು ಹೊರಗೆ ತೆಗೆದ ಹತ್ತೇ ನಿಮಿಷಕ್ಕೆ ನಡುವೆ ಕುಸಿಯಿತು ಅಂದಿದ್ದೀರಿ. ನೆಟ್ಟಗೆ ಇಟ್ಟು ಆರಿಸಿದಿರಿ, ಅಲ್ವಾ? ಮಿಲಾನಿನ ಬೇಕರಿಗಳಲ್ಲಿ ಇದನ್ನು ಬಾವಲಿಯ ಹಾಗೆ ತಲೆಕೆಳಗಾಗಿ ನೇತುಹಾಕುತ್ತಾರೆ. ಇದರಲ್ಲಿ ಬೆಣ್ಣೆ, ಮೊಟ್ಟೆಯ ಹಳದಿ ಜಾಸ್ತಿ. ಇಟಲಿಯ 2005ರ ನಿಯಮದ ಪ್ರಕಾರ ಬೆಣ್ಣೆಯೇ ಕನಿಷ್ಠ 16%, ಒಣದ್ರಾಕ್ಷಿ ಮತ್ತು ಸಕ್ಕರೆಪಾಕದ ಕಿತ್ತಳೆ ಸಿಪ್ಪೆಯಂಥವು 20% ಇರಬೇಕು. ಬಿಸಿಯಿದ್ದಾಗ ಬ್ರೆಡ್ಡನ್ನು ಎತ್ತಿ ಹಿಡಿಯುವ ಒಳಗಿನ ಜಾಲ ಇನ್ನೂ ಮೆತ್ತಗಿರುತ್ತದೆ. ಆ ಭಾರ ತಡೆಯುವುದಿಲ್ಲ.

ಹೊರಗೆ ತೆಗೆದ ತಕ್ಷಣ ಕಾಗದದ ಅಚ್ಚಿನ ಬುಡಕ್ಕೆ ಎರಡು ಉದ್ದ ಕಡ್ಡಿ ಅಡ್ಡಲಾಗಿ ಚುಚ್ಚಿ. ಮಗುಚಿ, ಆಳದ ಪಾತ್ರೆಯ ಅಂಚಿಗೆ ಕಡ್ಡಿಗಳನ್ನು ಕೂರಿಸಿ. ತಲೆ ತಳಕ್ಕೆ ತಾಗಬಾರದು. ನಾನು ರಾತ್ರಿಯಿಡೀ ಹಾಗೇ ಬಿಡುತ್ತೇನೆ. ಕಡ್ಡಿ ಮಾತ್ರ ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಒಮ್ಮೆ ಹುಡುಕುತ್ತಾ ನಿಂತು ನನ್ನದೂ ಕುಸಿದಿತ್ತು!